ಅಳೆಯದೆ ಕಂಟ್ರೋಲರ್ ಬದಲಾಯಿಸೋರಿಗೆ ದುಡ್ಡು ಕೊಡಬೇಡಿ

ಇವತ್ತಿನ ಬರಹ ಬೆಳೆ ಬಗ್ಗೆ ಅಲ್ಲ, ಮಷಿನ್ ಬಗ್ಗೆ. ಓದಿ ಕೆಲವರಿಗೆ ಬೇಜಾರಾಗಬಹುದು. ಆಗಲಿ ಅಂತಾನೇ ಬರೀತಿದ್ದೀನಿ.

ಎರಡು ವರ್ಷದ ಹಿಂದೆ ನಾವು ಮೂರು ಜನ ಸೇರಿ 20 ಟನ್ನಿನ ಸೆಕೆಂಡ್ ಹ್ಯಾಂಡ್ ಎಕ್ಸ್‌ಕವೇಟರ್ ತಗೊಂಡ್ವಿ. ನಮ್ಮ ಕಡೆ ಯಾವ ಕಂಪನಿದಾದರೂ ಹಿಟಾಚಿ ಅಂತಾನೇ ಕರೆಯೋದು. ನಮ್ಮದು ಯಾವ ಕಂಪನಿ ಅನ್ನೋದು ಇಲ್ಲಿ ಬೇಡ, ಈ ಕಾಯಿಲೆ ಎಲ್ಲ ಕಂಪನಿ ಗಾಡಿಗೂ ಬರುತ್ತೆ.

ಹೋದ ಬೇಸಿಗೇಲಿ ಕೆರೆ ಗೋಡು ಹೊಡೆಯೋ ಟೈಮಲ್ಲೇ ಗಾಡಿ ಕೈ ಕೊಡ್ತು. ಸ್ಟಾರ್ಟ್ ಆಗ್ತಿತ್ತು, ರೇಸ್ ತಗೊಳ್ತಿರಲಿಲ್ಲ. ಮಾನಿಟರ್ ಮೇಲೆ ಕಮ್ಯುನಿಕೇಷನ್ ಎರರ್. ಕೀ ಆಫ್ ಮಾಡಿ ಆನ್ ಮಾಡಿದ್ರೆ ಒಮ್ಮೊಮ್ಮೆ ಸರಿ ಹೋಗೋದು, ಹತ್ತು ನಿಮಿಷಕ್ಕೆ ಮತ್ತೆ ಅದೇ ಗೋಳು. ಮೆಕ್ಯಾನಿಕ್ ಬಂದರು, ಲ್ಯಾಪ್‌ಟಾಪ್ ಹಾಕಿದರು, ಐದೇ ನಿಮಿಷಕ್ಕೆ ತೀರ್ಪು ಕೊಟ್ಟರು. "ಅಣ್ಣ, ಎಂಜಿನ್ ಕಂಟ್ರೋಲರ್ ಹೋಗಿದೆ. ಹಳೇದನ್ನ ಎಕ್ಸ್‌ಚೇಂಜ್ ಕೊಟ್ರೆ 1,40,000ಕ್ಕೆ ಹಾಕಿಕೊಡ್ತೀನಿ."

ನಮ್ಮ ಪಾಲುದಾರರಲ್ಲಿ ಒಬ್ಬರು ಮನೆಯವರ ಸರ ಅಡ ಇಟ್ಟು ದುಡ್ಡು ತಂದರು. ಬೋರ್ಡು ಹಾಕಿದ್ದಾಯ್ತು. ಎರಡು ದಿನ ಓಡ್ತು, ಮೂರನೇ ದಿನ ಅದೇ ಎರರ್. ಆಗ ಬಂದ ಮಾತು, "ಹಾಗಾದ್ರೆ ವೈರಿಂಗ್ ಪೂರ್ತಿ ಬದಲಾಯಿಸಬೇಕಣ್ಣ." ಅಷ್ಟರಲ್ಲಿ ಮಳೆ ಬಂತು, ಕೆರೇಲಿ ನೀರು ನಿಂತ್ಕೊಳ್ತು, ಗೋಡಿನ ಸೀಸನ್ನೇ ಮುಗೀತು.

ಕೊನೆಗೆ ಗಾಡಿ ನೋಡಿದ್ದು ಟ್ರ್ಯಾಕ್ಟರ್ ಲೈಟು, ಡೈನಮೊ ರಿಪೇರಿ ಮಾಡೋ ಒಬ್ಬ ಹುಡುಗ. ಬ್ಯಾಟರಿ ವೈರ್ ಬಿಚ್ಚಿದ, ಲ್ಯಾಪ್‌ಟಾಪ್ ಹಾಕೋ ಸಾಕೆಟ್ಟಿಗೆ ಮೀಟರ್ ಕಡ್ಡಿ ಇಟ್ಟ. 119 ಓಮ್ ತೋರಿಸ್ತು. "60 ಬರಬೇಕಿತ್ತು ಅಣ್ಣ, ಎಲ್ಲೋ ವೈರ್ ಕಟ್ ಆಗಿದೆ" ಅಂದ. ವೈರ್ ಹಿಡ್ಕೊಂಡು ಹೋದರೆ ಸೀಟಿನ ಹಿಂದೆ ಸಿಕ್ತು. ಹಿಂದಿನ ಓನರ್ ಕಾಲದಲ್ಲಿ ಸಾಲ ಕೊಟ್ಟವರು ಹಾಕಿಸಿದ್ದ ಜಿಪಿಎಸ್ ಡಬ್ಬಿ ಕಿತ್ತು, ಆ ಜಾಗಕ್ಕೆ ಬರೀ ಟೇಪ್ ಸುತ್ತಿದ್ದರು. ಒಳಗೆ ತಾಮ್ರ ಹಸಿರುಗಟ್ಟಿ ತುಂಡಾಗಿತ್ತು. ಬೆಸುಗೆ ಹಾಕಿ ಮುಚ್ಚಿದ, 800 ರೂಪಾಯಿ ಇಸ್ಕೊಂಡ. ಅವತ್ತಿಂದ ಇವತ್ತಿನವರೆಗೂ ಎರರ್ ಬಂದಿಲ್ಲ.

ಅಂದರೆ ನಮ್ಮ ಹಳೇ ಬೋರ್ಡು ಕೆಟ್ಟಿರಲೇ ಇಲ್ಲ. ಚೆನ್ನಾಗಿದ್ದ ಬೋರ್ಡನ್ನ ಎಕ್ಸ್‌ಚೇಂಜ್ ಅಂತ ಕೊಟ್ಟು, ಮೇಲೆ 1,40,000 ಕೊಟ್ವಿ. ಅದು ಇವತ್ತು ಇನ್ಯಾರ ಗಾಡಿಗೆ ಎಷ್ಟಕ್ಕೆ ಹೋಗಿದೆಯೋ!

ಆ 60 ಏನು ಅಂತ ಎಲ್ಲರೂ ತಿಳ್ಕೊಳ್ಳಲೇಬೇಕು. ಈಗಿನ ಗಾಡೀಲಿ ಎಂಜಿನ್ನಿಗೊಂದು, ಪಂಪಿಗೊಂದು ಕಂಟ್ರೋಲರ್, ಜೊತೆಗೆ ಮಾನಿಟರ್. ಇವೆಲ್ಲ ಒಂದಕ್ಕೊಂದು ಮಾತಾಡೋದು ಹೆಣೆದ ಎರಡು ವೈರಿನ ಮೇಲೆ. ಇದಕ್ಕೆ ಕ್ಯಾನ್ ಅಂತಾರೆ. 1986ರಲ್ಲಿ ಜರ್ಮನಿಯ ಬಾಷ್ ಕಂಪನಿ ಕಾರುಗಳಿಗೆ ಅಂತ ತಂದ ಪದ್ಧತಿ. ಕಾಲುವೆ ತುದಿಗೆ ಬಡಿದ ನೀರು ಅಲೆಯಾಗಿ ವಾಪಸ್ ಬರುತ್ತಲ್ಲ, ಹಾಗೆ ಸಿಗ್ನಲ್ ವಾಪಸ್ ಬಂದು ಕಲಸಿಹೋಗಬಾರದು ಅಂತ ಲೈನಿನ ಎರಡು ತುದೀಲೂ 120 ಓಮಿನ ಒಂದೊಂದು ರೆಸಿಸ್ಟರ್ ಇಟ್ಟಿರ್ತಾರೆ. ಎರಡೂ ಸೇರಿ ಮೀಟರಿಗೆ 60 ಕಾಣುತ್ತೆ. 120 ಬಂದರೆ ಒಂದು ತುದಿ ಕಳಚಿದೆ. 40ರ ಹತ್ತಿರ ಬಂದರೆ ಯಾರೋ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆ. ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ. ಕರೆಂಟ್ ಇರುವಾಗ ಇದನ್ನ ಅಳೆಯಬಾರದು, ಬ್ಯಾಟರಿ ಬಿಚ್ಚಲೇಬೇಕು.

ಆಮೇಲೆ ಬ್ಯಾಟರಿ ಹಾಕಿ, ಕೀ ಆನ್ ಮಾಡಿ, ಒಂದೊಂದೇ ವೈರನ್ನ ಬಾಡಿಗೆ ಹಿಡಿದು ವೋಲ್ಟ್ ನೋಡಿ. ಒಂದು ಎರಡೂವರೆಗಿಂತ ಸ್ವಲ್ಪ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ ಇರಬೇಕು. ಸೊನ್ನೆ ಇದ್ದರೆ ಬಾಡಿಗೆ ತಾಗಿರಬಹುದು, 24 ಇದ್ದರೆ ಪವರ್ ವೈರಿಗೆ ತಾಗಿದೆ. ಕೆಲವು ಗಾಡೀಲಿ ಇಂಥ ಜೋಡಿ ಎರಡು ಮೂರು ಇರುತ್ತೆ, ಪ್ರತಿಯೊಂದನ್ನೂ ಬೇರೆ ಬೇರೆ ಅಳೀಬೇಕು. ಯಾವ ಪಿನ್ ಯಾವುದು ಅಂತ ಆ ಮಾಡೆಲ್ಲಿನ ವೈರಿಂಗ್ ಡಯಾಗ್ರಾಮ್ ಹೇಳುತ್ತೆ.

"60 ಬಂದರೂ ಎರರ್ ಇದ್ದರೆ?" ಅಂತ ಕೇಳ್ತೀರ. ಆಗಲೂ ಮೊದಲು ಫ್ಯೂಸ್ ನೋಡಿ, ಕಂಟ್ರೋಲರಿಗೆ ಪವರ್ರು, ಅರ್ಥಿಂಗು ಸರಿಯಾಗಿ ಬರ್ತಿದೆಯಾ ನೋಡಿ. ಹೊಟ್ಟೆಗಿಲ್ಲದೆ ಸುಮ್ಮನಾದವನನ್ನ ಮೂಗ ಅಂದ ಹಾಗಾಗುತ್ತೆ ಇಲ್ಲದಿದ್ದರೆ. ಇದೆಲ್ಲ ಸರಿ ಇದ್ದ ಮೇಲೆ ಬೋರ್ಡಿನ ಮೇಲೆ ಅನುಮಾನ ಪಡಿ. ಬೋರ್ಡು ನಿಜವಾಗಿ ಹೋಗಿರೋ ಗಾಡಿಗಳೂ ಇವೆ, ಇಲ್ಲ ಅನ್ನಲ್ಲ. ಆದರೆ ಅದು ಕೊನೇ ಮಾತಾಗಬೇಕು, ಮೊದಲ ಮಾತಾಗಬಾರದು. ಸ್ಕ್ರೀನ್ ಮೇಲೆ ಬರೋ ಕೋಡು "ಎಂಜಿನ್ ಕಂಟ್ರೋಲರ್ ಮಾತು ಕೇಳಿಸ್ತಿಲ್ಲ" ಅಂತ ಹೇಳುತ್ತೆ ಅಷ್ಟೇ. "ಅದು ಸತ್ತಿದೆ" ಅಂತ ಹೇಳಲ್ಲ. ಆ ಎರಡನೇ ವಾಕ್ಯ ಸೇರಿಸೋರು ಬೋರ್ಡು ಮಾರೋರು.

ಮೆಕ್ಯಾನಿಕ್ಕುಗಳ ವಾದ ಗೊತ್ತಿದೆ. "ಕಂಪನಿ ಸಾಫ್ಟ್‌ವೇರ್ ಲಾಕ್ ಮಾಡಿದೆ, ನಾವೇನು ಮಾಡೋಣ?" ನಿಜ, ಅದೂ ಅನ್ಯಾಯವೇ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿಗೆ ಅಂತ ಸಮಿತಿ ಮಾಡ್ತು, ಮೊದಲು ಗಮನ ಕೊಡೋ ವಲಯಗಳಲ್ಲಿ ಕೃಷಿ ಉಪಕರಣವನ್ನೂ ಸೇರಿಸ್ತು. ನಮ್ಮ ಹೊಲದಲ್ಲಿ ಕೃಷಿ ಹೊಂಡ ತೋಡೋ ಮಷಿನ್ನಿಗೂ ಆ ಹಕ್ಕು ಬೇಕು, ಡಯಾಗ್ರಾಮ್ ಕೈಗೆ ಸಿಗಬೇಕು ಅಂತ ನಾವು ಕೇಳಬೇಕು. ಆದರೆ ಸಾಮಾನ್ಯ ಮೀಟರಿಗೆ ಯಾರೂ ಲಾಕ್ ಹಾಕಿಲ್ಲ ಸ್ವಾಮಿ. ಅದನ್ನ ಇಡದೇ ಇದ್ದದ್ದು ನಿಮ್ಮ ಸೋಮಾರಿತನ, ದುಡ್ಡು ತೆತ್ತಿದ್ದು ನಾವು.

ನಮ್ಮ ತಪ್ಪೂ ಇದೆ, ಮುಚ್ಚಿಡಲ್ಲ. ಬ್ಯಾಟರಿ ಬಿಚ್ಚದೆ ಬಕೆಟ್ ಹಲ್ಲಿಗೆ ವೆಲ್ಡಿಂಗ್ ಮಾಡಿಸೋರು ನಾವೇ. ಎರಡು ಬ್ಯಾಟರೀಲಿ ಒಂದರಿಂದ ಮಾತ್ರ ವೈರ್ ಎಳೆದು ಹಾಡು ಹಾಕ್ಕೊಳ್ಳೋರು ನಾವೇ. ಪ್ರೆಶರ್ ನೀರನ್ನ ಕನೆಕ್ಟರಿಗೇ ಹೊಡೆಯೋದು, ಮಳೆಗಾಲ ಪೂರ್ತಿ ನಿಲ್ಲಿಸಿ ಇಲಿಗೆ ಮನೆ ಮಾಡಿಕೊಡೋದು, ಅದೂ ನಾವೇ. ತಗೊಳ್ಳುವಾಗ ಬಣ್ಣ ನೋಡಿದ್ವಿ, ಚೈನ್ ನೋಡಿದ್ವಿ, ಸೀಟ್ ಎತ್ತಿ ವೈರ್ ನೋಡಲಿಲ್ಲ.

ಅದಕ್ಕೆ ನಾನು ಹೇಳೋದು ಇಷ್ಟೇ. ಕಂಟ್ರೋಲರ್ ಹೋಗಿದೆ ಅಂದವರಿಗೆ "ಎಷ್ಟು ಓಮ್, ಎಷ್ಟು ವೋಲ್ಟ್ ಬಂತು, ಚೀಟೀಲಿ ಬರೆದು ಕೊಡಿ" ಅನ್ನಿ. ಬರೆಯದಿದ್ದರೆ ಮುಂಗಡ ಕೊಡಬೇಡಿ. ಹೊಸ ಬೋರ್ಡಿಂದ ಗಾಡಿ ಒಂದು ತಿಂಗಳು ಓಡೋವರೆಗೂ ಹಳೇ ಬೋರ್ಡು ನಿಮ್ಮ ಮನೇಲೇ ಇರಲಿ. ಹಳೇ ಗಾಡಿ ತಗೊಳ್ಳೋ ಮುಂಚೆ ಮೀಟರ್ ಹಿಡಿಸಿ, ಎಂಜಿನ್ ಬಿಸಿಯಾದ ಮೇಲೆ ಸೀಟ್ ಹಿಂದಿನ ವೈರ್ ಅಲ್ಲಾಡಿಸಿ ಮಾನಿಟರ್ ನೋಡಿ.

ಆ ಸರ ಇನ್ನೂ ಬ್ಯಾಂಕಲ್ಲೇ ಇದೆ. ಅದನ್ನ ಬಿಡಿಸೋವರೆಗೂ ನಾನು ಈ ಮಾತು ನಿಲ್ಲಿಸಲ್ಲ. ನಾನೀಗ ಒಂದು ಮೀಟರ್ ತಂದಿಟ್ಟಿದ್ದೀನಿ. ಸುತ್ತಮುತ್ತ ಯಾರ ಗಾಡಿ ಹಿಂಗೆ ನಿಂತರೂ ಬಂದು ತಗೊಂಡು ಹೋಗಿ, ಬಾಡಿಗೆ ಬೇಡ. ಕೆಲಸ ಮುಗಿದ ಮೇಲೆ ವಾಪಸ್ ತಂದುಕೊಟ್ಟರೆ ಸಾಕು.