ಯಾರು ಹೇಳಿದ್ದು, ಯಾರಿಂದ ಕೇಳಿದ್ದು?

ಸಹೋದರಿಯರೇ, ನಮ್ಮಲ್ಲಿ ಸಿನಿಮಾ ನೋಡುವ ಮನೆಗಳಿವೆ, ನೋಡದ ಮನೆಗಳೂ ಇವೆ. ಆದರೆ ನಟ ನಟಿಯರ ಬಗ್ಗೆ ಮಾತನಾಡದ ಮನೆ ಬಹಳ ಕಡಿಮೆ. ಯಾರ ಮದುವೆ ಮುರಿಯಿತು, ಯಾರು ಯಾರ ಜೊತೆ ಓಡಾಡುತ್ತಿದ್ದಾರೆ, ಯಾರಿಗೆ ಯಾವ ಕಾಯಿಲೆ ಎಂಬುದೆಲ್ಲ ಮೊಬೈಲ್ ಮೂಲಕ ಅಡುಗೆ ಕೋಣೆಯವರೆಗೂ ಬಂದು ತಲುಪುತ್ತದೆ. ನಾವು ಓದುತ್ತೇವೆ, ಅಯ್ಯೋ ಎನ್ನುತ್ತೇವೆ, ಮುಂದಿನ ಗ್ರೂಪಿಗೆ ಕಳುಹಿಸುತ್ತೇವೆ. ಅಷ್ಟರಲ್ಲಿ ಒಲೆಯ ಮೇಲಿನ ಸಾರು ಉಕ್ಕುತ್ತದೆ, ಆ ಸುದ್ದಿ ನಮಗೆ ಮರೆತೂ ಹೋಗುತ್ತದೆ. ಆದರೆ ಯಾರ ಬಗ್ಗೆ ಅದು ಹರಡಿತೋ ಅವರಿಗೆ ಅದು ಮರೆಯುವುದಿಲ್ಲ.

ಈ ತಿಂಗಳು ನಿಮಗೆ ದೂರದ ಒಂದು ದೇಶದ ಘಟನೆ ಹೇಳಬೇಕೆನಿಸಿದೆ. ದಕ್ಷಿಣ ಕೊರಿಯಾದ ಹಾಡುಗಾರರ ಹೆಸರುಗಳು ನಮಗೆ ತಿಳಿಯದಿದ್ದರೂ ನಮ್ಮ ಹೈಸ್ಕೂಲು ಮಕ್ಕಳಿಗೆ ಬಾಯಿಪಾಠ. ಅಲ್ಲಿ ಟ್ಯಾಬ್ಲೋ ಎಂಬ ಹೆಸರಿನ ಗಾಯಕರಿದ್ದಾರೆ. 'ಎಪಿಕ್ ಹೈ' ಎಂಬ ತಂಡದವರು. ಅಮೆರಿಕದ ಪ್ರಸಿದ್ಧ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಪದವಿ ಮತ್ತು ಸ್ನಾತಕೋತ್ತರ ಪದವಿ ಎರಡನ್ನೂ ಮೂರೂವರೆ ವರ್ಷಗಳಲ್ಲೇ ಮುಗಿಸಿದವರು. ಇಷ್ಟು ಬೇಗ ಎರಡು ಪದವಿ ಹೇಗೆ ಸಾಧ್ಯ ಎಂದು ಯಾರೋ ಒಬ್ಬರು ಅಂತರ್ಜಾಲದಲ್ಲಿ ಪ್ರಶ್ನೆ ಎತ್ತಿದರು. ಪ್ರಶ್ನೆ ಕೇಳುವುದು ತಪ್ಪಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುವ ಬದಲು ಜನರು ತೀರ್ಪನ್ನೇ ಬರೆದುಬಿಟ್ಟರು. ಇವನು ಸುಳ್ಳುಗಾರ, ಅದೇ ಹೆಸರಿನ ಬೇರೊಬ್ಬ ವಿದ್ಯಾರ್ಥಿಯ ಪದವಿಯನ್ನು ತನ್ನದೆಂದು ಹೇಳಿಕೊಳ್ಳುತ್ತಿದ್ದಾನೆ ಎಂದರು.

2010ರಲ್ಲಿ ಇದಕ್ಕಾಗಿಯೇ ಒಂದು ಗುಂಪು ಹುಟ್ಟಿಕೊಂಡಿತು. ಟ್ಯಾಬ್ಲೋ ಸತ್ಯ ಹೇಳಲಿ ಎಂಬುದೇ ಅದರ ಹೆಸರಿನ ಅರ್ಥ. ಸದಸ್ಯರ ಸಂಖ್ಯೆ ಸುಮಾರು 2 ಲಕ್ಷದ ಹತ್ತಿರಕ್ಕೆ ಹೋಯಿತು. ಇದಕ್ಕೆ ಒಂದು ಹಿನ್ನೆಲೆಯೂ ಇತ್ತು. 2007ರಲ್ಲಿ ಅಲ್ಲಿನ ಒಬ್ಬ ಪ್ರಾಧ್ಯಾಪಕಿಯ ಯೇಲ್ ವಿಶ್ವವಿದ್ಯಾಲಯದ ಡಾಕ್ಟರೇಟ್ ನಕಲಿ ಎಂದು ಬಯಲಾಗಿ ದೇಶವೇ ಬೆಚ್ಚಿಬಿದ್ದಿತ್ತು. ಒಮ್ಮೆ ಮೋಸಹೋದವರಿಗೆ ಎಲ್ಲರ ಮೇಲೂ ಸಂಶಯ. ಒಬ್ಬರು ಮಾಡಿದ ತಪ್ಪಿನ ಲೆಕ್ಕವನ್ನು ಇನ್ನೊಬ್ಬರ ತಲೆಗೆ ಕಟ್ಟಿದರು.

ಟ್ಯಾಬ್ಲೋ ಸುಮ್ಮನಿರಲಿಲ್ಲ. ಅಂಕಪಟ್ಟಿ ತೋರಿಸಿದರು. ಅದು ನಕಲಿ ಎಂದರು. ವಿಶ್ವವಿದ್ಯಾಲಯವೇ ಇವರು ನಮ್ಮ ವಿದ್ಯಾರ್ಥಿ ಎಂದು ದೃಢಪಡಿಸಿತು. ಅದನ್ನೂ ನಂಬಲಿಲ್ಲ. ಕೊನೆಗೆ ಎಂಬಿಸಿ ಎಂಬ ಟಿವಿ ವಾಹಿನಿಯವರು ಅವರನ್ನು ಸ್ಟ್ಯಾನ್‌ಫರ್ಡ್‌ಗೇ ಕರೆದುಕೊಂಡು ಹೋದರು. ಅಲ್ಲಿನ ಕಚೇರಿಯವರು ಕ್ಯಾಮರಾದ ಮುಂದೆಯೇ ದಾಖಲೆ ತೆಗೆದುಕೊಟ್ಟರು. ಕಲಿಸಿದ ಪ್ರಾಧ್ಯಾಪಕರು ಮಾತನಾಡಿದರು. 2010ರ ಅಕ್ಟೋಬರ್‌ನಲ್ಲಿ ಅದು ಪ್ರಸಾರವಾಯಿತು. ಅದೇ ತಿಂಗಳು ಪೊಲೀಸರೂ ಪದವಿ ನಿಜ ಎಂದು ಪ್ರಕಟಿಸಿದರು. ಇಷ್ಟಾದ ಮೇಲೂ ಕೆಲವರು ಪಟ್ಟು ಬಿಡಲಿಲ್ಲ. 2012ರಲ್ಲಿ ಸೋಲ್ ನಗರದ ನ್ಯಾಯಾಲಯ ಕೆಲವರಿಗೆ ಜೈಲು ಶಿಕ್ಷೆ ವಿಧಿಸಬೇಕಾಯಿತು.

ನಾನು ಟೀಚರ್. ಅಂಕಪಟ್ಟಿಯನ್ನು ನೋಡಿ ನೋಡಿ ಅಭ್ಯಾಸವಾದ ಕಣ್ಣು ನನ್ನದು. ಹಾಗಾಗಿ ಈ ಕಥೆ ಓದಿದಾಗ ಒಂದು ಮಾತು ನೆನಪಿಗೆ ಬಂತು. ಮದ್ರಸದಲ್ಲಿ ಓದು ಮುಗಿಸಿದವರಿಗೆ ಕೊಡುವ ಪ್ರಮಾಣಪತ್ರವನ್ನು ಸನದ್ ಎನ್ನುತ್ತೇವೆ. ಹದೀಸ್ ವಿದ್ವಾಂಸರಲ್ಲಿ ಅದೇ ಪದಕ್ಕೆ ಇನ್ನೊಂದು ಅರ್ಥವಿದೆ. ಒಂದು ಮಾತನ್ನು ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಅವರಿಗೆ ಹೇಳಿದವರು ಯಾರು ಎಂಬ ಸರಪಳಿಗೂ ಸನದ್ ಎಂದೇ ಹೆಸರು. ಆ ಸರಪಳಿಯ ಒಂದು ಕೊಂಡಿ ಕಾಣೆಯಾದರೂ ವಿದ್ವಾಂಸರು ಆ ಮಾತನ್ನು ಬದಿಗಿಟ್ಟು ಪರೀಕ್ಷಿಸುತ್ತಿದ್ದರು. ಹೇಳಿದವರ ನೆನಪಿನ ಶಕ್ತಿ ಹೇಗಿತ್ತು, ಸುಳ್ಳು ಹೇಳುವ ಅಭ್ಯಾಸ ಇತ್ತೇ, ಇಬ್ಬರೂ ನಿಜವಾಗಿ ಭೇಟಿಯಾಗಿದ್ದರೇ ಎಂದೆಲ್ಲ ಹುಡುಕುತ್ತಿದ್ದರು. ಅದಕ್ಕಾಗಿ ಒಂದು ಶಾಸ್ತ್ರವೇ ಬೆಳೆಯಿತು.

ಟ್ಯಾಬ್ಲೋ ಬಳಿ ಎರಡೂ ಅರ್ಥದ ಸನದ್ ಇತ್ತು. ಪದವಿಯ ಪತ್ರವೂ ಇತ್ತು, ಅದಕ್ಕೆ ಸಾಕ್ಷಿ ಹೇಳುವವರೂ ಇದ್ದರು. ವದಂತಿಯ ಬಳಿ ಒಂದೂ ಇರಲಿಲ್ಲ. ಆದರೂ ಲಕ್ಷಾಂತರ ಜನ ವದಂತಿಯ ಪಕ್ಷದಲ್ಲೇ ನಿಂತರು. ಏಕೆ ಗೊತ್ತೇ? ದೊಡ್ಡವನು ಬೀಳುವುದನ್ನು ನೋಡುವ ಆಸೆ ಮನುಷ್ಯನಲ್ಲಿದೆ. ಅವನಿಗೆ ಹಣವಿದೆ, ಹೆಸರಿದೆ, ಸ್ವಲ್ಪ ನೋಯಲಿ ಬಿಡಿ ಎಂದುಕೊಳ್ಳುತ್ತೇವೆ. ಅವನ ಮನೆಯಲ್ಲೂ ವಯಸ್ಸಾದ ತಂದೆ ತಾಯಿ, ಹೆಂಡತಿ, ಆಗಷ್ಟೇ ಹುಟ್ಟಿದ ಮಗು ಇದೆ ಎಂಬುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಅದೇ ಕೊರಿಯಾದಲ್ಲಿ 2019ರ ಅಕ್ಟೋಬರ್‌ನಲ್ಲಿ ಸುಲ್ಲಿ ಎಂಬ 25 ವರ್ಷದ ಗಾಯಕಿ, ನಟಿ ತೀರಿಕೊಂಡರು. ವರ್ಷಗಟ್ಟಲೆ ಆಕೆಯ ಉಡುಪು, ಸ್ನೇಹ, ನಗು ಎಲ್ಲದರ ಮೇಲೂ ಜನ ಕೆಟ್ಟ ಮಾತು ಬರೆದಿದ್ದರು. ಒಂದು ಸಾವಿಗೆ ಇದೊಂದೇ ಕಾರಣ ಎಂದು ಹೊರಗಿನವರು ತೀರ್ಮಾನಿಸುವುದು ಸರಿಯಲ್ಲ. ಆದರೆ ಆ ದೇಶ ತನ್ನನ್ನು ತಾನು ಪ್ರಶ್ನಿಸಿಕೊಂಡಿತು. ಅದೇ ತಿಂಗಳ ಕೊನೆಯಲ್ಲಿ ಡೌಮ್ ಎಂಬ ಅಂತರ್ಜಾಲ ಸಂಸ್ಥೆ ಮನರಂಜನಾ ಸುದ್ದಿಗಳ ಕೆಳಗೆ ಅಭಿಪ್ರಾಯ ಬರೆಯುವ ಸೌಲಭ್ಯವನ್ನೇ ಮುಚ್ಚಿತು. 2020ರ ಮಾರ್ಚ್‌ನಲ್ಲಿ ಇನ್ನೂ ದೊಡ್ಡದಾದ ನೇವರ್ ಸಂಸ್ಥೆಯೂ ಹಾಗೆಯೇ ಮಾಡಿತು.

ಇದು ಕೊರಿಯಾದವರ ಸಮಸ್ಯೆ, ನಮಗೇನು ಎನ್ನಬೇಡಿ. ಕಾಶ್ಮೀರದ ಝೈರಾ ವಸೀಮ್ ನಿಮಗೆ ನೆನಪಿರಬಹುದು. 2016ರಲ್ಲಿ ಬಂದ 'ದಂಗಲ್' ಚಿತ್ರದಲ್ಲಿ ಕುಸ್ತಿ ಹುಡುಗಿಯಾಗಿ ನಟಿಸಿದಾಕೆ. 2017ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಮೆಹಬೂಬಾ ಮುಫ್ತಿಯವರನ್ನು ಭೇಟಿಯಾದಾಗ ಆಕೆಗೆ ಕೇವಲ 16 ವರ್ಷ. ಅದಕ್ಕಾಗಿ ಎಷ್ಟು ನಿಂದನೆ ಬಂತೆಂದರೆ ಆ ಹುಡುಗಿ ಬಹಿರಂಗವಾಗಿ ಕ್ಷಮೆ ಕೇಳಿದಳು. ಕ್ಷಮೆ ಏಕೆ ಕೇಳಿದೆ ಎಂದು ಇನ್ನೊಂದು ಕಡೆಯವರು ಹರಿಹಾಯ್ದರು. 2019ರ ಜೂನ್ 30ರಂದು ತನ್ನ ಈಮಾನಿನ ಕಾರಣ ಹೇಳಿ ಚಿತ್ರರಂಗ ಬಿಟ್ಟಳು. ಆಗಲೂ ಬಿಡಲಿಲ್ಲ. ಇವಳಿಗೆ ಯಾರೋ ಒತ್ತಡ ಹಾಕಿದ್ದಾರೆ ಎಂದರು. ಖಾತೆಯೇ ಹ್ಯಾಕ್ ಆಗಿದೆ ಎಂಬ ಸುದ್ದಿಯೂ ಹರಡಿತು. ಹಾಗಲ್ಲ, ಬರೆದದ್ದು ನಾನೇ ಎಂದು ಅವಳೇ ಹೇಳಬೇಕಾಯಿತು. ನಟಿಸಿದರೂ ಬೈಗುಳ, ಬಿಟ್ಟರೂ ಬೈಗುಳ.

2020ರ ನವೆಂಬರ್‌ನಲ್ಲಿ ಆಕೆ ಅಭಿಮಾನಿಗಳಲ್ಲಿ ಒಂದು ವಿನಂತಿ ಮಾಡಿಕೊಂಡರು. ತನ್ನ ಹಳೆಯ ಚಿತ್ರಗಳನ್ನು ದಯವಿಟ್ಟು ತೆಗೆದುಹಾಕಿ ಎಂದು. ಆಕೆ ಸಿನಿಮಾ ಬಿಟ್ಟದ್ದನ್ನು ಹೊಗಳಿದ ಮನೆಗಳಲ್ಲೂ ಆ ಹೊಗಳಿಕೆಯ ಜೊತೆ ಆಕೆಯ ಹಳೆಯ ಚಿತ್ರವನ್ನೇ ಅಂಟಿಸಿ ಹಂಚಿದವರಿಲ್ಲವೇ? ಪ್ರೀತಿಯಿಂದಲೂ ನಾವು ನೋಯಿಸಬಲ್ಲೆವು.

ಕೆಲವು ಸಹೋದರಿಯರು ಹೇಳುವುದುಂಟು: "ಅವರು ತೆರೆಯ ಮೇಲೆ ಬಂದವರು. ನಾವು ಮಾತನಾಡಿದರೆ ಏನು ತಪ್ಪು?" ಅವರ ಚಿತ್ರ ಚೆನ್ನಾಗಿಲ್ಲ ಎನ್ನಿ, ಅವರ ನಡೆ ನಮಗೆ ಒಪ್ಪಿಗೆಯಿಲ್ಲ ಎನ್ನಿ. ಅದು ನಿಮ್ಮ ಅಭಿಪ್ರಾಯ. ಆದರೆ ಅವರ ಗರ್ಭ, ಅವರ ತಲಾಖ್, ಅವರ ಮಗುವಿನ ಮುಖ ನಿಮ್ಮ ಅಭಿಪ್ರಾಯಕ್ಕೆ ಬಿಟ್ಟ ವಿಷಯವಲ್ಲ. ಬೆನ್ನ ಹಿಂದೆ ಆಡಿದ ಮಾತು ನಿಜವಾಗಿದ್ದರೆ ಗೀಬತ್, ಸುಳ್ಳಾಗಿದ್ದರೆ ಬುಹ್ತಾನ್ ಎಂದು ಮದ್ರಸದ ಸಣ್ಣ ಮಕ್ಕಳಿಗೂ ಕಲಿಸುತ್ತೇವೆ. ನಟಿಯರಿಗೆ ಇದು ಅನ್ವಯಿಸುವುದಿಲ್ಲ ಎಂದು ಯಾವ ಉಸ್ತಾದರೂ ಕಲಿಸಿದ್ದು ನನಗೆ ನೆನಪಿಲ್ಲ.

ಇನ್ನು ಕೆಲವರ ವಾದ ಬೇರೆ. "ನಾನು ಬರೆದಿಲ್ಲ, ಬಂದದ್ದನ್ನು ಫಾರ್ವರ್ಡ್ ಮಾಡಿದೆ ಅಷ್ಟೆ." ಈ ವಾದ ನ್ಯಾಯಾಲಯದಲ್ಲಿ ನಿಂತಿಲ್ಲ. 2018ರಲ್ಲಿ ತಮಿಳುನಾಡಿನ ನಟ, ರಾಜಕಾರಣಿ ಎಸ್.ವಿ. ಶೇಖರ್ ಪತ್ರಕರ್ತೆಯರನ್ನು ಕೀಳಾಗಿ ಕಂಡ ಒಂದು ಬರಹವನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡರು. ಆಮೇಲೆ ಅಳಿಸಿದರು, ಕ್ಷಮೆಯನ್ನೂ ಕೇಳಿದರು. ಆದರೂ ಪ್ರಕರಣ ದಾಖಲಾಯಿತು. ಒಂದು ಸಂದೇಶವನ್ನು ಮುಂದಕ್ಕೆ ಕಳುಹಿಸುವುದೆಂದರೆ ಅದನ್ನು ಒಪ್ಪಿಕೊಂಡಂತೆಯೇ ಎಂದು ಮದ್ರಾಸ್ ಹೈಕೋರ್ಟ್ ಹೇಳಿತು. ಕಣ್ಣಿಗೆ ಔಷಧಿ ಹಾಕಿಕೊಂಡಿದ್ದರಿಂದ ಸರಿಯಾಗಿ ಓದದೆ ಹಂಚಿದರು ಎಂದು ಅವರ ವಕೀಲರು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. 2023ರ ಆಗಸ್ಟ್‌ನಲ್ಲಿ ಆ ನ್ಯಾಯಾಲಯವೂ ಪ್ರಕರಣ ರದ್ದುಪಡಿಸಲು ಒಪ್ಪಲಿಲ್ಲ. ಓದದೆ ಹಂಚಿದ ಸಂದೇಶ ನಮ್ಮ ಫೋನುಗಳಲ್ಲಿ ಎಷ್ಟಿವೆ ಎಂದು ಒಮ್ಮೆ ಯೋಚಿಸಿ.

ಇದರಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳ ಪ್ರಶ್ನೆಯೂ ಇದೆ. ಮೊಹಲ್ಲಾದ ಹುಡುಗಿಯೊಬ್ಬಳ ಬಗ್ಗೆ ಒಂದು ಸುಳ್ಳು ಹರಡಿದರೆ ಸಾಕು, ಬಂದ ಸಂಬಂಧ ವಾಪಸು ಹೋಗುತ್ತದೆ. ಸತ್ಯ ತಿಳಿಯುವ ಹೊತ್ತಿಗೆ ಆ ವರನ ಮದುವೆ ಬೇರೆಡೆ ಮುಗಿದಿರುತ್ತದೆ. ಟ್ಯಾಬ್ಲೋಗೆ ಟಿವಿ ಇತ್ತು, ವಕೀಲರಿದ್ದರು, ವಿಶ್ವವಿದ್ಯಾಲಯ ಬೆನ್ನಿಗೆ ನಿಂತಿತು. ನಮ್ಮ ಮೊಹಲ್ಲಾದ ಹುಡುಗಿಗೆ ಯಾರಿದ್ದಾರೆ? ನಟಿಯ ಮೇಲಿನ ವದಂತಿಯನ್ನು ಚಪ್ಪರಿಸಿ ಓದುವ ಮಗ ನಾಳೆ ಸಹಪಾಠಿಯ ಫೋಟೋವನ್ನೂ ಹಾಗೆಯೇ ಹಂಚುತ್ತಾನೆ. ಅಭ್ಯಾಸ ಒಂದೇ, ಹೆಸರು ಮಾತ್ರ ಬೇರೆ. ಅವನು ಆ ಅಭ್ಯಾಸ ಕಲಿಯುವುದು ನಮ್ಮ ಪಕ್ಕದಲ್ಲಿ ಕುಳಿತೇ.

ಹಾಗಾದರೆ ಏನು ಮಾಡೋಣ? ಸುದ್ದಿ ಬಂದ ಕೂಡಲೇ ಮೂರು ಪ್ರಶ್ನೆ ಕೇಳಿ. ಹೇಳಿದವರ ಹೆಸರು ಇದೆಯೇ? ಅವರು ಕಣ್ಣಾರೆ ನೋಡಿದ್ದೇ, ಕೇಳಿದ್ದೇ? ನಿಜವೇ ಆಗಿದ್ದರೂ ಇದನ್ನು ನಾನು ಹೇಳುವುದರಿಂದ ಯಾರಿಗೆ ಒಳಿತು? ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಸುದ್ದಿ ನಿಮ್ಮಲ್ಲೇ ನಿಲ್ಲಲಿ. ಕುಟುಂಬದ ಗ್ರೂಪಿನಲ್ಲಿ ಅತ್ತೆಯವರೋ ನಾದಿನಿಯೋ ಕಳುಹಿಸಿದ್ದರೆ ಎಲ್ಲರ ಮುಂದೆ ತಿದ್ದಲು ಹೋಗಬೇಡಿ. ಅವರಿಗೆ ಬೇರೆಯಾಗಿ ಫೋನ್ ಮಾಡಿ ಮೃದುವಾಗಿ ಹೇಳಿ. ಈಗಾಗಲೇ ಸುಳ್ಳನ್ನು ಹಂಚಿದ್ದರೆ ಅಳಿಸಿದರೆ ಸಾಲದು. ಯಾವ ಗ್ರೂಪಿಗೆ ಕಳುಹಿಸಿದ್ದಿರೋ ಅದೇ ಗ್ರೂಪಿನಲ್ಲಿ ಅದು ಸುಳ್ಳೆಂದು ಬರೆಯಿರಿ.

ನಿಮ್ಮ ಮನೆಯ ಮಗಳ ಮೇಲೆಯೇ ಇಂಥದ್ದು ಬಂದರೆ ಮೊದಲು ಅವಳ ಫೋನ್ ಕಿತ್ತುಕೊಳ್ಳಬೇಡಿ, ಅವಳ ಮಾತು ಕೇಳಿ. ಬಂದ ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ, ದಿನಾಂಕ ಬರೆದಿಡಿ. ಕರ್ನಾಟಕದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗಳಿವೆ. ಕೇಂದ್ರ ಸರಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು. ಅದರಲ್ಲಿ ಮಹಿಳೆಯರು ಮತ್ತು ಮಕ್ಕಳ ದೂರಿಗೆ ಪ್ರತ್ಯೇಕ ವಿಭಾಗವಿದೆ. ಮಾನ ಹೋಗುತ್ತದೆ ಎಂದು ಮುಚ್ಚಿಟ್ಟರೆ ಧೈರ್ಯ ಬರುವುದು ಬರೆದವನಿಗೆ.

ಸಹೋದರಿಯರೇ, ಹಿಂದಿನವರು ಒಂದು ಮಾತಿನ ಸರಪಳಿ ಪರೀಕ್ಷಿಸಲು ಊರಿಂದೂರಿಗೆ ತಿಂಗಳುಗಟ್ಟಲೆ ಪ್ರಯಾಣ ಮಾಡಿದರು. ನಮಗೆ ಬೇಕಾದದ್ದು ಒಂದು ನಿಮಿಷ. ಕಳುಹಿಸುವ ಗುಂಡಿಯ ಮೇಲೆ ಬೆರಳಿಡುವ ಮೊದಲು ಆ ಒಂದು ನಿಮಿಷ ಕೊಡಲಾರೆವೇ?