ದಲ್ಲಾಳಿಯ ಸೊಂಟದ ಬೀಗದ ಕೈ

“ಓದಿ ನೋಡಿ ರುಜು ಮಾಡಬೇಕಾಗಿತ್ತು!” ಷೇರು ದಲ್ಲಾಳಿಯಿಂದ ಮೋಸಹೋದವನಿಗೆ ನಮ್ಮ ಅರ್ಥಪಂಡಿತರು ಹೇಳುವ ಸಮಾಧಾನ ಇಷ್ಟೆ. ನಿವೃತ್ತ ಗುಮಾಸ್ತನೊಬ್ಬ ಇಂಗ್ಲಿಷ್ ಕಾಗದದ ಕಂತೆಯಲ್ಲಿ ಪೆನ್ಸಿಲ್ ಗುರುತು ಹಾಕಿದಲ್ಲೆಲ್ಲ ಸಹಿ ಮಾಡಿದರೆ, ಅದರ ನಡುವೆ ಅಡಗಿದ ‘ಪವರ್ ಆಫ್ ಅಟಾರ್ನಿ’ಗೂ ಅವನೇ ಹೊಣೆಯಂತೆ. ಈ ನ್ಯಾಯವನ್ನು ನಾವು ಒಪ್ಪಲಾರೆವು.

1992ರಲ್ಲಿ ಬಂಡವಾಳ ಎತ್ತುವುದರ ಮೇಲಿದ್ದ ಸರ್ಕಾರದ ಹತೋಟಿ ಹೋಯಿತು. ಅದೇ ವರ್ಷ ಹರ್ಷದ್ ಮೆಹ್ತಾ ಹಗರಣ ಬಯಲಾಯಿತು. ಸೆಬಿಗೆ ಶಾಸನದ ಬಲವೂ ಬಂದಿತು. ಗ್ರಾಹಕರ ಹಣವನ್ನು ದಲ್ಲಾಳಿ ತನ್ನ ಹಣದೊಡನೆ ಬೆರೆಸಕೂಡದೆಂದು 1993ರಲ್ಲೇ ಸುತ್ತೋಲೆ ಹೊರಟಿತು. ಸರಿಯೆ. ಆದರೆ ಸುತ್ತೋಲೆಯೆಂಬುದು ಬೀಗವಲ್ಲವಷ್ಟೆ! ಬೀಗದ ಕೈ ದಲ್ಲಾಳಿಯ ಸೊಂಟದಲ್ಲೇ ಉಳಿಯಿತು.

ಹೈದರಾಬಾದಿನ ಕಾರ್ವಿ ಸಂಸ್ಥೆ ಮಾಡಿದ್ದೇನು? 95,000ಕ್ಕೂ ಹೆಚ್ಚು ಗ್ರಾಹಕರ, 2,300 ಕೋಟಿ ರೂಪಾಯಿಗೂ ಮೀರಿದ ಷೇರುಗಳನ್ನು ಒತ್ತೆಯಿಟ್ಟು ಸಾಲವೆತ್ತಿತು. ಪೂರ್ತಿ ಬೆಲೆ ತೆತ್ತವರ ಷೇರುಗಳೂ ಅದರಲ್ಲಿದ್ದವು. ತೂಕ ನೋಡಲು ಕೊಟ್ಟ ಬಳೆಯನ್ನು ಅಂಗಡಿಯವನು ಪಕ್ಕದ ಬೀದಿಯಲ್ಲಿ ಗಿರವಿಯಿಟ್ಟ ಹಾಗೆ! 2019ರ ನವೆಂಬರಿನಲ್ಲಿ ಸೆಬಿ ತಡೆಯಾಜ್ಞೆ ಹೊರಡಿಸಿತು; ಬಹುಮಂದಿಗೆ ಷೇರುಗಳು ಮರಳಿ ದೊರೆತವೆಂಬುದನ್ನೂ ಹೇಳಬೇಕು. ಏಳು ವರ್ಷದ ನಿಷೇಧ ವಿಧಿಸಿದ್ದು ಮಾತ್ರ 2023ರಲ್ಲಿ.

ಒತ್ತೆಯಿಟ್ಟರೂ ಷೇರು ಗ್ರಾಹಕನ ಖಾತೆಯಲ್ಲೇ ಇರತಕ್ಕದ್ದೆಂಬ ಏರ್ಪಾಟು 2020ರಲ್ಲಿ ಬಂದಿತು. ಸರ್ವಾಧಿಕಾರ ಕೊಡುವ ಪತ್ರದ ಬದಲು ಕಿರಿಯ ಒಪ್ಪಿಗೆಪತ್ರ 2022ರಲ್ಲಿ. ಒಳ್ಳೆಯ ನಿಯಮಗಳೇ, ಸಂದೇಹವಿಲ್ಲ. ಆದರೆ ಷೇರುಗಳು ಕಾಗದವನ್ನು ಬಿಟ್ಟು ಖಾತೆಗೆ ಸೇರಲು ಕಾನೂನಾದದ್ದು 1996ರಲ್ಲಿ. ಅಂದೇ ಈ ಮಾತು ಹೊಳೆಯಲಿಲ್ಲವೇಕೆ? ಕದ್ದ ಮೇಲೆ ಕದ ಹಾಕಲು ಇಪ್ಪತ್ತನಾಲ್ಕು ವರ್ಷ ಬೇಕಾಯಿತೆ?

“ನಿಯಮ ಬಿಗಿಯಾದರೆ ಪೇಟೆ ಬಾಡುತ್ತದೆ” ಎನ್ನುವವರುಂಟು. ಸ್ವಾಮಿ, ಮುಕ್ತವಾಗಬೇಕಾದ್ದು ಬೆಲೆ. ಏರಲಿ, ಇಳಿಯಲಿ, ನಷ್ಟವಾದರೆ ಕೊಂಡವನು ತಾಳಿಕೊಳ್ಳುತ್ತಾನೆ, ಅದು ಅವನ ಹಣೆಬರಹ. ಪರರ ಸೊತ್ತನ್ನು ಒತ್ತೆಯಿಡುವ ಸ್ವಾತಂತ್ರ್ಯವನ್ನು ಯಾವ ಉದಾರೀಕರಣವೂ ಯಾರಿಗೂ ಕೊಟ್ಟಿಲ್ಲ.

ಹಣದ ಮಾತು ಇನ್ನೂ ಬಾಕಿಯಿದೆ. ಕೊಳ್ಳುವವನ ಹಣವನ್ನು ಅವನ ಬ್ಯಾಂಕ್ ಖಾತೆಯಲ್ಲೇ ತಡೆಹಿಡಿದು, ವ್ಯಾಪಾರ ಕುದುರಿದ ಮೇಲೆ ಸಾಗಿಸುವ ಏರ್ಪಾಟನ್ನು ಸೆಬಿ ಆರಂಭಿಸಿದೆ. ಆದರೆ ಅದನ್ನು ಗ್ರಾಹಕನ ಇಚ್ಛೆಗೆ ಬಿಟ್ಟಿದೆ. ಇಚ್ಛೆಯಂತೆ! ಪೆನ್ಸಿಲ್ ಗುರುತಿನಲ್ಲಿ ಸಹಿ ಹಾಕಿದವನಿಗೆ ಅದನ್ನು ತಿಳಿಸುವವರಾರು? ಎಲ್ಲ ದಲ್ಲಾಳಿಗಳಿಗೂ ಅದನ್ನು ಕಡ್ಡಾಯ ಮಾಡಲಿ. ಆ ಕಾಗದದ ಕಂತೆಯನ್ನು, ಕೇಳುವ ಮೊದಲೇ, ಕನ್ನಡದಲ್ಲಿ ಅವನ ಕೈಗಿಡಲಿ.