ಪರದೆಯ ಮೇಲಿನ ಅಧಿಕಾರ ಯಾರದು?

ಕಡತವನ್ನು ಮೇಜಿನ ಎಡಕ್ಕಿಡಬೇಕೋ ಬಲಕ್ಕಿಡಬೇಕೋ ಎಂಬುದನ್ನು ಮೇಜು ಮಾಡಿದ ಬಡಗಿಯು ನಿರ್ಣಯಿಸುವುದಿಲ್ಲ. ಆದರೆ ಇಂದು ಕಡತದ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿರುವ ಗಣಕಯಂತ್ರದ ವಿಷಯದಲ್ಲಿ ಈ ಸಾಮಾನ್ಯ ನ್ಯಾಯವು ನಡೆಯುತ್ತಿಲ್ಲ. ಪರದೆಯ ಬಣ್ಣವಾವುದು, ಅಕ್ಷರದ ಗಾತ್ರವೆಷ್ಟು, ಗುಂಡಿಗಳ ಸ್ಥಾನವೆಲ್ಲಿ ಎಂಬುದನ್ನು ದೂರದ ತಯಾರಕರೇ ಗೊತ್ತುಮಾಡಿ ಕಳುಹಿಸುತ್ತಾರೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ಅವರು ಅಕ್ಷರಶಃ ಆಚರಣೆಗೆ ತಂದಂತಿದೆ.

ಮೊದಲು ಹೀಗಿರಲಿಲ್ಲ. 1992ರಲ್ಲಿ ಹೊರಬಂದ ವಿಂಡೋಸ್ 3.1ರಲ್ಲಿಯೇ ಚೌಕಟ್ಟು, ಶೀರ್ಷಿಕೆ, ಹಿನ್ನೆಲೆಗಳಿಗೆ ಬೇರೆಬೇರೆ ಬಣ್ಣಗಳನ್ನು ಆರಿಸಿಕೊಳ್ಳಬಹುದಾಗಿತ್ತು. ವಿಂಡೋಸ್ 95ರಲ್ಲಿ ಶೀರ್ಷಿಕೆಯ ಅಕ್ಷರವನ್ನೂ ಆಯ್ಕೆಪಟ್ಟಿಯ ಅಕ್ಷರವನ್ನೂ ಪ್ರತ್ಯೇಕವಾಗಿ ಹಿಗ್ಗಿಸಬಹುದಾಗಿತ್ತು. 1997ರಲ್ಲಿ ಹುಟ್ಟಿದ ವಿನ್‌ಆಂಪ್ ಎಂಬ ಸಂಗೀತದ ತಂತ್ರಾಂಶಕ್ಕಂತೂ ಬಳಸುವವರೇ ಸಾವಿರಾರು ವೇಷಗಳನ್ನು ರಚಿಸಿ ಹಂಚಿಕೊಂಡರು.

ಅನಂತರ ಗಾಳಿ ತಿರುಗಿತು. 2012ರ ವಿಂಡೋಸ್ 8ರಲ್ಲಿ ಜನರಿಗೆ ಅಭ್ಯಾಸವಾಗಿದ್ದ ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಲಾಯಿತು. ಆಕ್ಷೇಪವೆದ್ದ ಮೇಲೆ 2013ರಲ್ಲಿ ಅದು ಮರಳಿತು. 1995ರಿಂದ ಪರದೆಯ ನಾಲ್ಕು ಅಂಚುಗಳಲ್ಲಿ ಯಾವುದಕ್ಕಾದರೂ ಸರಿಸಬಹುದಾಗಿದ್ದ ಕಾರ್ಯಪಟ್ಟಿಯು, 2021ರಲ್ಲಿ ವಿಂಡೋಸ್ 11 ಬಿಡುಗಡೆಯಾದಾಗ ಕೆಳಗಿನ ಅಂಚಿಗೇ ಕೀಲಿಸಲ್ಪಟ್ಟಿತ್ತು.

ತಯಾರಕರ ಪಕ್ಷದಲ್ಲಿಯೂ ಹೇಳತಕ್ಕದ್ದು ಇಲ್ಲದಿಲ್ಲ. ಗ್ನೋಮ್ ಎಂಬ ಸ್ವತಂತ್ರ ವ್ಯವಸ್ಥೆಗಾಗಿ ತಂತ್ರಾಂಶ ಬರೆಯುವ ಕೆಲವರು 2019ರಲ್ಲಿ ಒಂದು ಬಹಿರಂಗಪತ್ರವನ್ನು ಪ್ರಕಟಿಸಿದರು. ವಿತರಣೆ ಮಾಡುವವರು ತಮ್ಮ ತಂತ್ರಾಂಶಗಳ ಬಣ್ಣ, ಚಿಹ್ನೆಗಳನ್ನು ಮನಬಂದಂತೆ ಬದಲಾಯಿಸುವುದರಿಂದ ಅವು ಕೆಡುತ್ತವೆ, ಆ ದೋಷವು ತಮ್ಮ ತಲೆಗೆ ಬರುತ್ತದೆ ಎಂಬುದು ಅವರ ದೂರು. ಇದು ನ್ಯಾಯವಾದುದೇ. ಬಳಸುವವನು ಸ್ವಂತ ಹೊಣೆಯ ಮೇಲೆ ಮಾಡಿಕೊಳ್ಳುವ ಬದಲಾವಣೆಯನ್ನು ಅವರೂ ನಿಷೇಧಿಸಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಆದುದರಿಂದ ಅಲಂಕಾರವನ್ನೂ ಅವಶ್ಯಕತೆಯನ್ನೂ ಬೇರ್ಪಡಿಸಿ ನೋಡುವುದು ಯುಕ್ತ. ಚಿಹ್ನೆಯ ಅಂದಚೆಂದ ತಯಾರಕನದಾಗಿರಲಿ. ಆದರೆ ಅಕ್ಷರದ ಗಾತ್ರ, ಬಣ್ಣಗಳ ಅಂತರ, ಭಾಷೆ, ಸಾಲುಗಳ ಎಡೆ, ಈ ನಾಲ್ಕೂ ಓದುವವನ ಕಣ್ಣಿಗೆ ಸೇರಿದವು. ಐವತ್ತು ದಾಟಿದ ಗುಮಾಸ್ತನ ಕಣ್ಣೂ, ಕೆಂಪು ಹಸಿರುಗಳ ಭೇದ ತಿಳಿಯದವನ ಕಣ್ಣೂ, ತಯಾರಕನ ಕಾರ್ಯಾಲಯದ ತರುಣನ ಕಣ್ಣಿನಂತಿರುವುದಿಲ್ಲ.

ಕನ್ನಡಿಗರಿಗೆ ಈ ಪ್ರಶ್ನೆಯು ಇನ್ನೂ ಹತ್ತಿರದ್ದು. ರೋಮನ್ ಲಿಪಿಯ ಅಕ್ಷರಗಳು ಒಂದೇ ಸಾಲಿನಲ್ಲಿ ಹರಿಯುತ್ತವೆ. ನಮ್ಮ ಅಕ್ಷರಕ್ಕಾದರೋ ಕೆಳಗೆ ಒತ್ತು ಉಂಟು, "ರಾಷ್ಟ್ರ", "ಶಾಸ್ತ್ರ" ಎಂಬಲ್ಲಿ ಎರಡೆರಡು ಒತ್ತುಗಳುಂಟು. ರೋಮನ್ ಅಕ್ಷರದ ಅಳತೆಗೆ ಕತ್ತರಿಸಿದ ಗುಂಡಿಯಲ್ಲಿ ಕನ್ನಡವನ್ನು ತುರುಕಿದರೆ ಈ ಒತ್ತುಗಳೇ ಮೊದಲು ಕತ್ತರಿಗೆ ಸಿಕ್ಕುತ್ತವೆ. "ಪತ್ನಿ" ಎಂಬಲ್ಲಿ ಒತ್ತು ಅಳಿದರೆ ಉಳಿಯುವುದು "ಪತಿ". ಕಂದಾಯದ ಅಥವಾ ಪಿಂಚಣಿಯ ನಮೂನೆಯಲ್ಲಿ ಇದು ನಗೆಯ ಮಾತಾಗಿ ಉಳಿಯಲಾರದು. ಇಂಥ ತಂತ್ರಾಂಶದಲ್ಲಿ ಸಾಲಿನ ಎತ್ತರವನ್ನು ಹೆಚ್ಚಿಸಲು ಅವಕಾಶವಿಲ್ಲದಿದ್ದರೆ, ಕನ್ನಡದಲ್ಲಿ ಕೆಲಸ ಮಾಡಬೇಕೆನ್ನುವ ಅಧಿಕಾರಿಯೂ ಬೇಸತ್ತು ಇಂಗ್ಲಿಷಿಗೆ ಮರಳುತ್ತಾನೆ; ತಪ್ಪು ಯಂತ್ರದ್ದು, ಅಪವಾದ ಭಾಷೆಗೆ.

ಅಂಗವಿಕಲರ ಹಕ್ಕುಗಳನ್ನು ಕುರಿತು 2016ರಲ್ಲಿ ಆದ ಕೇಂದ್ರ ಶಾಸನವು, ಮಾಹಿತಿ ತಂತ್ರಜ್ಞಾನವು ಎಲ್ಲರಿಗೂ ಎಟುಕುವಂತಿರಬೇಕೆಂದು ವಿಧಿಸಿದೆ. ಶಾಸನವು ಕಾಗದದ ಮೇಲುಳಿಯದಿರಬೇಕಾದರೆ ಅದನ್ನು ಖರೀದಿಯ ಷರತ್ತಾಗಿ ಮಾಡುವುದೇ ಸುಲಭೋಪಾಯ. ಅಕ್ಷರವನ್ನು ಹಿಗ್ಗಿಸಲು, ಬಣ್ಣದ ಅಂತರವನ್ನು ಹೆಚ್ಚಿಸಲು, ಕನ್ನಡದ ಒತ್ತು ಕಡಿಯದಂತೆ ಸಾಲನ್ನು ಬಿಡಿಸಲು ಬಾರದ ತಂತ್ರಾಂಶಕ್ಕೆ ಸರ್ಕಾರದ ಬೊಕ್ಕಸದಿಂದ ಹಣ ಸಲ್ಲಕೂಡದು. ಬಳಸುವ ಗುಮಾಸ್ತರಿಂದಲೇ ಒಂದು ವಾರ ಪರೀಕ್ಷೆ ಮಾಡಿಸಿ ಅನಂತರ ಒಪ್ಪಂದಕ್ಕೆ ಸಹಿ ಮಾಡಲಿ. ಇದರಿಂದ ಯಾವ ತಯಾರಕನಿಗೂ ಅನ್ಯಾಯವಾಗದು. ದಿನವೆಲ್ಲ ಆ ಪರದೆಯನ್ನು ನೋಡಿ ದುಡಿಯುವವರಿಗೆ ಮಾತ್ರ ನ್ಯಾಯ ದೊರೆಯುವುದು.